ಎರಡನೇ ಅಂತಸ್ತಿನ ಕಬ್ಬಿಣದ ಒಲೆ

ಕುಲ್ಯಾಶಳ ಮಾತು ಬಂದರೆ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ. ಸಿಟ್ಟೇ ಮೊದಲು ಬರಲಿ ಬಿಡಿ, ಅಳುವುದಕ್ಕೆ ಮುದಿತನ ಪೂರ್ತಿ ಬಿದ್ದಿದೆ. ಬೋಜ್‌ತಾಸ್ ಊರಿನ ಒಂದೇ ಕಟ್ಟಡದಲ್ಲಿ, ಒಂದೇ ಮೆಟ್ಟಿಲ ಸಾಲಿನಲ್ಲಿ ನಾವಿಬ್ಬರೂ ಬಾಳಿದೆವು. ಅವಳು ಎರಡನೇ ಅಂತಸ್ತು, ನಾನು ಮೂರನೆಯದು. ಅವಳ ಮನೆಯ ಸೂರೇ ನನ್ನ ಮನೆಯ ನೆಲ. ಅವಳು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಮಗನಿಗೆ ಬೈದರೆ ಅವಳಿಗೆ ಕೇಳುತ್ತಿತ್ತು. ಮರುದಿನ ಸಿಕ್ಕಾಗ, "ನಗಿಮಾ, ನಿನ್ನೆ ಹುಡುಗನಿಗೆ ಕತ್ತೆ ಅಂದೆಯಲ್ಲ, ಅವನಪ್ಪನ ಮುಖ ನೋಡ್ಕೊಂಡು ಅಂದ್ಯೋ ಹೇಗೆ?" ಎಂದು ನಗುತ್ತಿದ್ದಳು. ಆಗ ನಗುತ್ತಿದ್ದಳು. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈಗಿನ ಹುಡುಗರಿಗೆ ಗೊತ್ತಿರುವುದು ಆ ಮೂಲೆಮನೆಯ ಮಾತಾಡದ ಮುದುಕಿ ಮಾತ್ರ.

ಅವಳು ಗಣಿಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಗಂಡ ತೊಲೆಗೆನ್ ಅಲ್ಲೇ ವೆಲ್ಡರ್. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಮನೆ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ ನೋಡಿ, ಯಾಕೆಂದರೆ ಇಡೀ ಮೆಟ್ಟಿಲ ಸಾಲಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲೇ ಬಿದ್ದಿರುತ್ತಿದ್ದವು. ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬಾವುರ್ಸಾಕ್ ಅವಳ ಕೈಯಿಂದ ಬಂದರೆ ಹತ್ತಿಯ ಹಾಗೆ ಇರುತ್ತಿತ್ತು. ಚಹಾ ಕೊಡುವುದರಲ್ಲೂ ಅವಳು ಹಳೇ ಕಾಲದವಳು. ನಮ್ಮಲ್ಲಿ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಚಹಾ ಹೊಯ್ದರೆ ಮರ್ಯಾದೆ. ಮುಗಿಸು, ಮತ್ತೆ ಕೇಳು, ಮತ್ತೆ ಕೊಡುತ್ತೇನೆ, ಇನ್ನೂ ಸ್ವಲ್ಪ ಹೊತ್ತು ಕೂತಿರು ಅಂತ. ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಅಂತ. ಕುಲ್ಯಾಶ್ ಎರಡು ಗುಟುಕಿಗಿಂತ ಹೆಚ್ಚು ಹೊಯ್ದದ್ದನ್ನು ನಾನು ಕಂಡಿರಲಿಲ್ಲ. ಅವಳ ಮನೆಯಿಂದ ಏಳಬೇಕೆಂದರೆ ನಾವೇ ನಾಚಿಕೆ ಬಿಟ್ಟು ಏಳಬೇಕಿತ್ತು.

ಇನ್ನು ನಮ್ಮ ಸಭೆಗಳು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರಲ್ಲ, ನಮ್ಮಲ್ಲಿ ಹಾಗಲ್ಲ, ಕೋಳಿಯನ್ನೂ ಕೇಳುತ್ತಿದ್ದರು. ಮಸಾಲೆ ಅರೆದಾದ ಮೇಲೆ ಕರೆದು, ರೆಕ್ಕೆ ಎತ್ತು ಅನ್ನುತ್ತಿದ್ದರು. ಕೆಳ ಅಂತಸ್ತಿನ ಜೋಯಾ ಗಣಿಯ ಕಾರ್ಮಿಕ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವಳು, ಕಟ್ಟಡದ ಸಭೆಗೂ ಅವಳದೇ ಯಜಮಾನಿಕೆ. "ಪರ ಯಾರು, ವಿರುದ್ಧ ಯಾರು, ತಟಸ್ಥ ಯಾರು, ಸರ್ವಾನುಮತ" ಎಂದು ಒಂದೇ ಉಸಿರಿಗೆ ಹೇಳಿ, ತಲೆ ಎತ್ತುವ ಹೊತ್ತಿಗೆ ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದಳು. ನಾವು ಕೈ ಎತ್ತುತ್ತಿದ್ದೆವು, ಕೈಚೀಲದಲ್ಲಿ ಆಲೂಗಡ್ಡೆ ಇದ್ದರೆ ಇನ್ನೊಂದು ಕೈ ಎತ್ತುತ್ತಿದ್ದೆವು. ಅದರಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ. ಆಕಳಿಕೆ ಬಂದರೆ ಬಾಯಿ ತೆರೆಯುವುದಿಲ್ಲವೇ, ಹಾಗೆ.

ಮಾಸ್ಕೋದಲ್ಲಿ ಕೆಂಪು ಬಾವುಟ ಇಳಿಸಿದ್ದನ್ನು ನಾವು ಟೀವಿಯಲ್ಲಿ ನೋಡಿದೆವು. ಏನಾಗಿದೆ ಅಂತ ನಿಜವಾಗಿ ತಿಳಿದದ್ದು ಅದಾದ ಮೇಲೆ, ಮನೆ ಬೆಚ್ಚಗಿಡುತ್ತಿದ್ದ ಗೋಡೆಯ ಕೊಳವೆಗಳು ತಣ್ಣಗಾದಾಗ. ಗಣಿ ನಿಂತಿತು. ಊರಿಗೆಲ್ಲ ಬಿಸಿನೀರು ಕಳಿಸುತ್ತಿದ್ದ ಬಾಯ್ಲರ್ ಮನೆಗೆ ಕಲ್ಲಿದ್ದಲು ಬರುವುದು ನಿಂತಿತು. ನಾಲ್ಕನೇ ಅಂತಸ್ತಿನ ಜರ್ಮನ್ ಸಂಸಾರ ಬಾಗಿಲಿಗೆ ಬೀಗ ಹಾಕಿ ತಮ್ಮ ಮುತ್ತಜ್ಜಂದಿರ ದೇಶಕ್ಕೆ ಹೊರಟುಹೋಯಿತು. ನಮಗೆ ಹೋಗಲು ಯಾವ ದೇಶ? ಇದ್ದ ದೇಶವೇ ಇದು. ಮೈನಸ್ ನಲವತ್ತರ ಚಳಿಯಲ್ಲಿ ಉದ್ಯಾನದ ಮರ ಕಡಿದೆವು, ಬೆಂಚು ಸುಟ್ಟೆವು, ನೆಲಕ್ಕೆ ಹಾಸಿದ್ದ ಹಲಗೆ ಕಿತ್ತು ಸುಟ್ಟೆವು. ಕ್ಲಬ್ಬಿನ ವೇದಿಕೆಯಲ್ಲಿ ಮೂವರು ಮುಖಂಡರು ಒಂದು ಮೈಕಿಗೆ ಕಿತ್ತಾಡುತ್ತ ಸ್ವಾತಂತ್ರ್ಯ ಬಂದಿದೆ ಅಂದರು. ಮಾತಾಡಿದಾಗ ಅವರ ಬಾಯಿಂದ ಹಬೆ ಬರುತ್ತಿತ್ತು. ಆ ಇಡೀ ಹಾಲಿನಲ್ಲಿದ್ದ ಬಿಸಿ ಅಷ್ಟೇ.

ಒಲೆ ಮಾಡಿಕೊಟ್ಟವನು ತೊಲೆಗೆನ್. ಗಣಿಯಲ್ಲಿ ಬಿದ್ದಿದ್ದ ದಪ್ಪ ಕಬ್ಬಿಣದ ಕೊಳವೆಯನ್ನು ತುಂಡು ಮಾಡಿ, ಅಡಿಯಲ್ಲಿ ತಳ ಕೂಡಿಸಿ, ಮುಂದೆ ಪುಟ್ಟ ಬಾಗಿಲಿಟ್ಟು, ಹೊಗೆ ಹೋಗಲು ಕಿಟಕಿಯಿಂದ ಹೊರಕ್ಕೆ ಒಂದು ಸೊಂಡಿಲು ತೆಗೆದ. ನಮ್ಮ ಕಟ್ಟಡದಲ್ಲಿ ಅವನ ಕೈಯ ಒಲೆ ಇಲ್ಲದ ಮನೆ ಇರಲಿಲ್ಲ. ಹೊರಗಿನಿಂದ ನೋಡಿದರೆ ಪ್ರತಿ ಕಿಟಕಿಯಲ್ಲೂ ಒಂದು ಕಪ್ಪು ಮೂಗು. ಹೊಗೆಯಲ್ಲಿ, ಚಳಿಯಲ್ಲಿ ಹಗಲೆಲ್ಲ ವೆಲ್ಡಿಂಗ್ ಮಾಡಿ ಮಾಡಿ ಎದೆ ಕಟ್ಟಿತು ಅವನಿಗೆ. ಹಿಮ ಕರಗುವ ಮೊದಲೇ ಹೋದ. ಗುಂಡಿ ತೋಡಲು ನೆಲ ಕಲ್ಲಾಗಿತ್ತು, ಟೈರು ಸುಟ್ಟು ನೆಲ ಮೆತ್ತಗೆ ಮಾಡಿ ಮಣ್ಣು ಮಾಡಿದರು.

ಮುಂದಿನ ಚಳಿಗಾಲಕ್ಕೆ ಕೈರ್ಬೆಕ್ ಬಂದ. ಹೊರಗಿನವನಲ್ಲ, ಗಣಿಯ ಲಾರಿಗಳಿಗೆ ಯಜಮಾನನಾಗಿದ್ದವನು, ಎತ್ತರದ ಆಳು, ಮಾತು ಕಡಿಮೆ. ಎಲ್ಲಿ ಯಾರ ಕಾಲು ಹಿಡಿದನೋ, ಯಾರ ಕೊರಳು ಹಿಡಿದನೋ, ಉತ್ತರದಿಂದ ಕಲ್ಲಿದ್ದಲಿನ ರೈಲನ್ನೇ ತಂದ. ಇಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಕಲ್ಲಿದ್ದಲ ರಾಶಿಯ ಮೇಲೆ ತಾನೇ ನಿಂತು ಬಂದ, ಮುಖವೆಲ್ಲ ಮಸಿ. ಜೋಯಾ ಹಳಿಯ ಪಕ್ಕ ಮಂಡಿಯೂರಿ ಅವನ ಕೈಗೆ ಮುತ್ತಿಟ್ಟಳು. ಸಂಜೆಗೆ ಗೋಡೆಯ ಕೊಳವೆ ಗುಳುಗುಳು ಅಂದಿತು. ನಾನು ಅದನ್ನು ತಬ್ಬಿಕೊಂಡು ಗೋಳೋ ಅಂತ ಅತ್ತೆ. ಮೇಲಿನವರು ಅವನನ್ನು ಊರಿಗೆ ಅಕಿಮ್ ಮಾಡಿದರು, ಅಂದರೆ ಇಡೀ ಊರಿನ ಆಡಳಿತ ಅವನ ಕೈಗೆ. ಒಪ್ಪಿಗೆಯೇ ಅಂತ ನಮ್ಮನ್ನು ಕೇಳಿದಾಗ ಎರಡೆರಡು ಕೈ ಎತ್ತಿದೆವು. ಕುಲ್ಯಾಶಳೂ ಎತ್ತಿದಳು.

ಈಗ ನನ್ನ ಮೊಮ್ಮಗಳು ದೊಡ್ಡ ಪುಸ್ತಕ ಓದಿದವಳು ಕೇಳುತ್ತಾಳೆ, "ಅಜ್ಜಿ, ಅವನು ಎಲ್ಲಾನೂ ಕೈಗೆ ತಗೊಳ್ತಿದ್ದಾಗ ನೀವೆಲ್ಲ ಯಾಕೆ ಸುಮ್ನಿದ್ರಿ?" ಅಂತ.

"ಸುಮ್ನೆ ಎಲ್ಲಿದ್ವಿ? ಚಪ್ಪಾಳೆ ತಟ್ತಿದ್ವಿ" ಅಂದೆ. "ಹೆಪ್ಪುಗಟ್ಟಿದ ನಿಮ್ಮಪ್ಪನ ಕಾಲನ್ನ ನನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಮಲಗಿದ್ದೆ ಕಣೆ ನಾನು. ಬಿಸಿ ಕೊಟ್ಟೋನಿಗೆ ಕೈ ಎತ್ತಿದೆ. ನಾಳೆ ಹಂಗೇ ಆದ್ರೆ ನಾಳೇನೂ ಎತ್ತೀನಿ. ಹೋಗು, ಪುಸ್ತಕದಲ್ಲಿ ಬರ್ಕೋ ಹೋಗು."

ಅದು ಹಾಗೆಯೇ. ಆಗ ಊರಿನ ರೇಡಿಯೋದಲ್ಲಿ ಮಾತಾಡುತ್ತಿದ್ದ ಹುಡುಗನೊಬ್ಬ, ರೈಲಿನಲ್ಲಿ ಬಂದ ಕಲ್ಲಿದ್ದಲೆಲ್ಲ ಬಾಯ್ಲರಿಗೇ ಹೋಯಿತೇ ಎಂದು ಕೇಳಿದ. ಸ್ವಲ್ಪ ದಿನಕ್ಕೆ ರೇಡಿಯೋ ಮುಚ್ಚಿತು, ಹುಡುಗ ಊರು ಬಿಟ್ಟ. ಮನೆ ಬೆಚ್ಚಗಿತ್ತು. ಯಾರು ಕೇಳುತ್ತಾರೆ?

ಆಮೇಲೆ ರಾಜಧಾನಿಯಿಂದ ಯಾರೋ ದೊಡ್ಡ ಅತಿಥಿ ಬರುವುದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಲ್ಲ, ಕಟ್ಟಡಗಳಿಗೆ ಬೀದಿಯ ಕಡೆ ಮಾತ್ರ ಹಳದಿ ಬಣ್ಣ ಬಳಿದರು. ಕಿಟಕಿಯ ಕಪ್ಪು ಮೂಗುಗಳು ಅತಿಥಿಗೆ ಕಾಣಬಾರದು. ಒಲೆಗಳನ್ನೆಲ್ಲ ಕೊಡಿ, ಗುಜರಿಗೆ ಹಾಕುತ್ತೇವೆ, ತೂತು ಮುಚ್ಚುತ್ತೇವೆ ಎಂದು ಕೈರ್ಬೆಕ್ ಹೇಳಿಕಳಿಸಿದ. ಕಾರಣವೂ ಇತ್ತು ಅನ್ನಿ, ಪಕ್ಕದ ಬೀದಿಯಲ್ಲಿ ಒಲೆ ಹೊಗೆಗೆ ಇಬ್ಬರು ಉಸಿರು ಕಟ್ಟಿ ಸತ್ತಿದ್ದರು. ಜೋಯಾ ಮೆಟ್ಟಿಲ ಬುಡದಲ್ಲಿ ಸಭೆ ಕರೆದಳು. ಒಂದೇ ಉಸಿರಿಗೆ ಹೇಳಿದಳು, ಪರ ಯಾರು, ವಿರುದ್ಧ ಯಾರು, ತಟಸ್ಥ ಯಾರು, ಸರ್ವಾನುಮತ.

"ಜೋಯಾ, ನಾನು ಕೈ ಎತ್ತಿದ್ದೀನಿ" ಎಂದು ಹಿಂದಿನಿಂದ ಧ್ವನಿ ಬಂತು. ಕುಲ್ಯಾಶ್.

"ಎತ್ತಿದ್ದೀಯ, ನೋಡ್ದೆ. ಪರ ಅಂತ ಎಲ್ಲರ ಜೊತೆ ಹಿಡ್ಕೊಂಡೆ."

"ಪರ ಅಂದಾಗ ಎತ್ತಲಿಲ್ಲ. ವಿರುದ್ಧ ಅಂದಾಗ ಎತ್ತಿದೆ."

ಎಲ್ಲರೂ ತಿರುಗಿ ನೋಡಿದೆವು. ಜೋಯಾಳಿಗೆ ಕೋಪ ಬರಲಿಲ್ಲ ಪಾಪ, ಗಾಬರಿ ಬಂತು. ಇಷ್ಟು ವರ್ಷ ಆ ಪ್ರಶ್ನೆ ಕೇಳಿದ್ದಳು, ಅದಕ್ಕೊಂದು ಉತ್ತರ ಬಂದರೆ ಏನು ಮಾಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಕೈ ಇಳಿಸು ಮಾರಾಯ್ತಿ, ನೋವು ಬರತ್ತೆ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

"ತೊಲೆಗೆನ್ ನೆನಪಿಗೆ ಇಟ್ಕೋಬೇಕು ಅಂತಾನಾ, ಅಪಾ?" ಎಂದು ಐದನೇ ಅಂತಸ್ತಿನ ದಾನ್ಯಾರ್ ಮೆಲ್ಲಗೆ ಕೇಳಿದ. ನಮ್ಮಲ್ಲಿ ದೊಡ್ಡ ಹೆಂಗಸರನ್ನು ಅಪಾ ಅನ್ನುತ್ತಾರೆ. ಅವನಿಗೆ ಸಣ್ಣ ಸಣ್ಣ ಮಕ್ಕಳು, ಒಳ್ಳೆಯ ಹುಡುಗ.

"ನೆನಪಿಗೆ ಅವನ ಫೋಟೋ ಇದೆ" ಅಂದಳು ಕುಲ್ಯಾಶ್. "ಬಿಸಿ ಕೈರ್ಬೆಕ್ ಒಬ್ಬನ ಕೈಲಿ ಇದೆ. ಕೊಟ್ಟೋನು ನಿಲ್ಲಿಸ್ಲೂಬಹುದು. ಒಲೆ ಮನೇಲಿರ್ಲಿ. ನನಗೆ ಅವನ ಮೇಲೆ ಸಿಟ್ಟಿಲ್ಲಪ್ಪಾ, ಅವನಿಗೂ ಕೈ ಎತ್ತಿದ್ದೀನಿ. ಆದ್ರೆ ಒಲೆ ಕೊಡಲ್ಲ."

ನಾವೆಲ್ಲ ನಮ್ಮ ನಮ್ಮ ಒಲೆ ಕೊಟ್ಟೆವು, ಅವಳು ಕೊಡಲಿಲ್ಲ. ಅಷ್ಟೇ ಅವಳು ಮಾಡಿದ ತಪ್ಪು. ಯಾರೂ ಅವಳನ್ನು ಹಿಡಿದುಕೊಂಡು ಹೋಗಲಿಲ್ಲ, ಪೊಲೀಸು ಬರಲಿಲ್ಲ. ಕೈರ್ಬೆಕನ ಕಡೆಯ ಒಬ್ಬ ಬಂದು ನೆಲಮಾಳಿಗೆಯಲ್ಲಿ ನಮ್ಮ ಸಾಲಿನ ಕೊಳವೆಯ ತಿರುಪನ್ನು ಸ್ವಲ್ಪ ತಿರುಗಿಸಿ ಹೋದ. ನಮ್ಮ ಕಟ್ಟಡದಲ್ಲಿ ಬಿಸಿನೀರಿನ ಕೊಳವೆ ಕೆಳಗಿನ ಮನೆಯಿಂದ ಮೇಲಿನ ಮನೆಗೆ, ಸೂರು ತೂರಿ ಸೂರು ತೂರಿ, ಒಂದೇ ನೇರಕ್ಕೆ ಏರುತ್ತದೆ. ಒಬ್ಬರ ಬಿಸಿ ನಿಲ್ಲಿಸಬೇಕೆಂದರೆ ಆ ಸಾಲಿನ ಎಲ್ಲರದೂ ನಿಲ್ಲುತ್ತದೆ. ಜೋಯಾ, ಕುಲ್ಯಾಶ್, ನಾನು, ಬೀಗ ಹಾಕಿದ ಜರ್ಮನ್ನರ ಮನೆ, ದಾನ್ಯಾರ್. ಕೊಳವೆ ಉಗುರುಬೆಚ್ಚಗೆ ಉಳಿಯಿತು. ಆ ಮನುಷ್ಯ ಹೋಗುವಾಗ, "ಒಲೆ ಕೊಟ್ಟ ದಿನ ಪೂರ್ತಿ ಬಿಡ್ತೀವಿ" ಅಂದನಂತೆ. ಬೇರೇನೂ ಅನ್ನಲಿಲ್ಲ. ಅನ್ನುವುದೇನಿತ್ತು? ಮಿಕ್ಕ ಕೆಲಸಕ್ಕೆ ನಾವಿದ್ದೆವಲ್ಲ.

ಸರದಿಯ ಮೇಲೆ ಹೋದೆವು. ಜೋಯಾ ಜಾಮಿನ ಸೀಸೆ ಹಿಡಿದು ಹೋದಳು. ದಾನ್ಯಾರನ ಹೆಂಡತಿ ಮೂಗು ಸೋರುವ ಮಗುವನ್ನೇ ಎತ್ತಿಕೊಂಡು ಹೋಗಿ ನಿಂತಳು. ನಾನು ಏನೂ ಹಿಡಿಯದೆ, ಬರೀ ಬಾಯಿ ಹೊತ್ತು ಹೋದೆ.

"ಏನೇ ನಿಂದು? ಹತ್ತು ಜನ ಹೋದ ದಾರೀಲಿ ಹೋದ್ರೆ ನಿನ್ನ ಕಾಲಿಗೇನು ಮುಳ್ಳು ಚುಚ್ಚತ್ತಾ?" ಅಂದೆ.

"ಕೂತ್ಕೋ ನಗಿಮಾ, ಚಳಿ. ಒಲೆ ಹಚ್ಚಿದ್ದೀನಿ" ಅಂದಳು.

"ಒಲೆಗೆ ಬೆಂಕಿ ಹಾಕ!"

"ಹಾಕಿದ್ದೀನಲ್ಲೇ, ಅದಕ್ಕೇ ಕೂತ್ಕೋ ಅಂತಿರೋದು."

ನನಗೆ ನಗು ಬಂತು, ನಗಬಾರದು ಅಂತ ಬಾಗಿಲು ಬಡಿದು ಹೊರಗೆ ಬಂದೆ. ಅವಳು ಮೆಟ್ಟಿಲಿಗೆ ಬಂದು ನಿಂತು ಕೂಗಿ ಹೇಳಿದಳು, "ಎಲ್ರೂ ಬನ್ನಿ, ಮಕ್ಕಳನ್ನ ಕರ್ಕೊಂಡು ಬನ್ನಿ, ಇಲ್ಲಿ ಬೆಚ್ಚಗಿದೆ" ಎಂದು. ಒಂದು ಬಾಗಿಲೂ ತೆರೆಯಲಿಲ್ಲ. ಆ ಬಿಸಿಯಲ್ಲಿ ಕೂತರೆ ಅವಳ ಪರ ಕೈ ಎತ್ತಿದ ಹಾಗೆ ಆಗುತ್ತಿತ್ತು.

ಅತಿಥಿ ಬಂದ, ಹೋದ. ಕಾರಿನಿಂದ ಇಳಿಯಲೇ ಇಲ್ಲ ಅಂತ ಆಮೇಲೆ ತಿಳಿಯಿತು. ತಿರುಪನ್ನೂ ಯಾರೋ ಮತ್ತೆ ಪೂರ್ತಿ ಬಿಟ್ಟರು. ಒಲೆಯ ವಿಷಯ ಎಲ್ಲರೂ ಮರೆತರು, ಆದರೆ ಕುಲ್ಯಾಶಳ ಮನೆಗೆ ಹೋಗಬಾರದೆಂಬುದು ಮಾತ್ರ ನೆನಪಿನಲ್ಲಿ ಉಳಿಯಿತು. ಹೋಗಬೇಡಿ ಅಂತ ಯಾರೂ ಹೇಳಿರಲಿಲ್ಲ. ಚಳಿಗಾಲದ ಶುರುವಿಗೆ ಕುದುರೆ ಕಡಿದಾಗ ಮನೆಮನೆಗೂ ಸರದಿಯಲ್ಲಿ ಊಟಕ್ಕೆ ಕರೆಯುವುದು ನಮ್ಮ ರೂಢಿ. ಅವಳ ಬಾಗಿಲು ದಾಟಿ ಮೇಲೆ ಕೆಳಗೆ ಕರೆದು ಹೋದರು. ವಸಂತದ ಹೊಸ ವರ್ಷಕ್ಕೆ ಅವಳು ದೊಡ್ಡ ಪಾತ್ರೆಯಲ್ಲಿ ಹಬ್ಬದ ಗಂಜಿ ಮಾಡಿ ಬಾಗಿಲು ತೆರೆದಿಟ್ಟು ಕೂತಳು. ಸಂಜೆ ಆ ಪಾತ್ರೆಯನ್ನು ಹೊರಗೆ ಒಯ್ದು ಬೀದಿನಾಯಿಗಳಿಗೆ ಸುರಿಯುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಮರುವರ್ಷ ಪಾತ್ರೆ ಸಣ್ಣದಾಯಿತು. ಆಮೇಲೆ ಮಾಡುವುದನ್ನೇ ಬಿಟ್ಟಳು.

ಮಕ್ಕಳು ಕೂಡ ಹೋಗುವುದು ನಿಂತಿತು. ಮಕ್ಕಳಿಗೆ ಏನು ಗೊತ್ತು ಅಂತೀರಿ, ಮೊದಲು ಗೊತ್ತಾಗುವುದೇ ಅವಕ್ಕೆ. ನೆಲದ ಕೆಳಗಿನಿಂದ ನನಗೆ ಅವಳು ಮಾತಾಡುವುದು ಕೇಳುತ್ತಿತ್ತು. ಯಾರೊಂದಿಗೆ ಅಂತ ಮೊದಮೊದಲು ಕಿವಿ ಕೊಟ್ಟೆ. ತೊಲೆಗೆನನ ಫೋಟೋ ಜೊತೆ ಇರಬೇಕು ಅಂದುಕೊಂಡೆ. ಅಲ್ಲ, ಒಲೆಯ ಜೊತೆ. "ಇವತ್ತು ಹಸಿ ಸೌದೆ, ಸ್ವಲ್ಪ ಸಹಿಸ್ಕೋ" ಅನ್ನುತ್ತಿದ್ದಳು. ಗೋಡೆಯ ಕೊಳವೆ ಸುಡುವಷ್ಟು ಬಿಸಿಯಿದ್ದ ದಿನವೂ ಒಂದೆರಡು ಕಡ್ಡಿ ಹಾಕಿ ಹಚ್ಚುತ್ತಿದ್ದಳು, ತುಕ್ಕು ಹಿಡಿಯಬಾರದು ಅಂತ. ನಮ್ಮ ಕೊಳವೆಗಳಿಗೆ ಮನೆಯೊಳಗೆ ತಿರುಪಿಲ್ಲ. ಸೆಕೆಯಾದರೆ ಹಿಮದಲ್ಲೂ ಕಿಟಕಿ ತೆರೆಯುತ್ತೇವೆ. ಹಾಗೆ ತೆರೆದಾಗ ಅವಳ ಸೊಂಡಿಲಿನ ಹೊಗೆ ನನ್ನ ಮನೆಗೆ ಬರುತ್ತಿತ್ತು. ನಾನು ಬೈಯುತ್ತಿದ್ದೆ, ಅವಳಿಗೆ ಕೇಳಲಿ ಅಂತ ಗಟ್ಟಿಯಾಗಿ ಬೈಯುತ್ತಿದ್ದೆ. ಅವಳಿಗೆ ಅದಾದರೂ ಒಂದು ಮಾತು ಆಗುತ್ತಿತ್ತೋ ಏನೋ.

ವರ್ಷಗಳು ಹೋದವು. ಕೈರ್ಬೆಕ್ ಕೂದಲಿಗೆ ಬಣ್ಣ ಹಾಕಿಕೊಂಡ. ಅವನ ಚಿತ್ರ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ನಾನು ಕೆಲಸ ಮಾಡುತ್ತಿದ್ದ ಬ್ರೆಡ್ ಕಾರ್ಖಾನೆಯ ಬಾಗಿಲಲ್ಲಿ. ಎಲ್ಲ ಚಿತ್ರದಲ್ಲೂ ಕಲ್ಲಿದ್ದಲ ಮೇಲೆ ನಿಂತ ಮಸಿ ಮುಖ. ಹೊಸ ಬಾಯ್ಲರ್ ತರಿಸುತ್ತೇನೆ ಅಂದ, ಎಲ್ಲ ಸಭೆಯಲ್ಲೂ ಅಂದ. ಹಳೆಯದಕ್ಕೇ ತೇಪೆ ಹಾಕುತ್ತ ನಡೆಸಿದರು.

ಕೊನೆಗೆ ಒಂದು ಜನವರಿಯಲ್ಲಿ ಬಾಯ್ಲರಿನ ದೊಡ್ಡ ಕೊಳವೆ ಒಡೆಯಿತು. ಊರಿಗೆ ಊರೇ ವಿದ್ಯುತ್ ಹೀಟರ್ ಹಾಕಿತು, ಮಧ್ಯಾಹ್ನದೊಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಕಿಟಕಿಯ ಒಳಮೈಗೆ ಮಂಜುಗಡ್ಡೆ ಕಟ್ಟಿತು. ಮೊದಲು ಹೋದವನು ದಾನ್ಯಾರ್, ಕಂಬಳಿಯಲ್ಲಿ ಮೊಮ್ಮಕ್ಕಳನ್ನು ಸುತ್ತಿಕೊಂಡು. ಮೆಟ್ಟಿಲಲ್ಲಿ ನನ್ನ ಕಂಡು, "ಮಕ್ಕಳಿಗೋಸ್ಕರ, ನಗಿಮಾ ಅಪಾ" ಅಂದ, ನಾನೇನೋ ಕೇಳಿದ ಹಾಗೆ. ಆಮೇಲೆ ಜೋಯಾ, ಆಮೇಲೆ ನಾನು, ಆಮೇಲೆ ಪಕ್ಕದ ಮೆಟ್ಟಿಲ ಸಾಲಿನವರು. ಕುಲ್ಯಾಶ್ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಬೇಗ ಬೇಗ ಹಾಸಿಗೆ ಹಾಸಿದಳು.

ಅಯ್ಯೋ, ಆ ದಿನಗಳು! ಕೋಣೆ ತುಂಬ ಜನ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಒಲೆ ಕೆಂಪಗಾಗಿತ್ತು. ಯಾರೋ ಕುದುರೆಮಾಂಸ ತಂದರು, ಯಾರೋ ಹಿಟ್ಟು ತಂದರು. ಅವಳು ಒಲೆಯ ಮೇಲೆ ಬಾವುರ್ಸಾಕ್ ಕರಿದಳು, ಕೈ ಮರೆತಿರಲಿಲ್ಲ. ಜೋಯಾ ಹಳೇ ಜೋಕು ಹೇಳಿದಳು. "ನೋಡು, ವಿರುದ್ಧ ಕೈ ಎತ್ತಿದೋಳ ಮನೇಲಿ ಸರ್ವಾನುಮತದಿಂದ ಕೂತಿದ್ದೀವಿ" ಅಂದಾಗ ಕುಲ್ಯಾಶ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ದಾನ್ಯಾರನ ಮೊಮ್ಮಗಳು ಅವಳ ತೊಡೆಯ ಮೇಲೇ ಮಲಗಿತು. ಕಾಲು ಜೋಮು ಹಿಡಿದರೂ ಅವಳು ಅಲ್ಲಾಡಲಿಲ್ಲ. ಚಹಾ ಹೊಯ್ಯುತ್ತಲೇ ಇದ್ದಳು, ಬಟ್ಟಲಿನ ತಳಕ್ಕೆ ಎರಡೇ ಗುಟುಕು, ಮತ್ತೆ ಎರಡೇ ಗುಟುಕು.

ಒಂದು ಬೆಳಿಗ್ಗೆ ಗೋಡೆಯ ಕೊಳವೆ ಗುಳುಗುಳು ಅಂದಿತು. ಎಲ್ಲರ ಮುಖ ಗೋಡೆಯ ಕಡೆ. ಜೋಯಾ ಎದ್ದು ಕೊಳವೆಯ ಮೇಲೆ ಕೈಯಿಟ್ಟು, "ಬಂತು! ನೂರು ವರ್ಷ ಬಾಳಲಿ ಕೈರ್ಬೆಕ್" ಅಂದಳು. ಎಲ್ಲರೂ ಕಂಬಳಿ ಮಡಿಸಿದರು.

"ತುಂಬ ಹೊಯ್ದು ಬಿಡು ಕುಲ್ಯಾಶ್, ಹೊರಡ್ತೀವಿ" ಅಂದಳು ಜೋಯಾ.

ಅವಳು ಎರಡೇ ಗುಟುಕು ಹೊಯ್ದಳು. ಜೋಯಾ ನಿಂತೇ ಕುಡಿದು ಹೋದಳು. ಆ ಸಂಜೆ ನೆಲದ ಕೆಳಗಿನಿಂದ ಮಾತು ಕೇಳಲಿಲ್ಲ. ಒಲೆಯ ಜೊತೆಗೂ ಮಾತಿಲ್ಲ.

ಆ ವಾರ ಯಾರಾದರೂ ಬಂದಾರು ಅಂತ ಅವಳು ಕಾದಳು, ನನಗೆ ಗೊತ್ತು. ಬಾಗಿಲು ಒಂದು ಬೆರಳಷ್ಟು ತೆರೆದೇ ಇರುತ್ತಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಒಳಗೆ ಬಟ್ಟಲಿನ ಸದ್ದಾಗುತ್ತಿತ್ತು. ಬಾಯ್ಲರ್ ಯಾಕೆ ಒಡೆಯಿತು ಅಂತ ಯಾರೂ ಕೇಳಲಿಲ್ಲ. ಬೇಗ ಸರಿ ಮಾಡಿಸಿದ್ದಕ್ಕೆ ಕೈರ್ಬೆಕನಿಗೆ ಸನ್ಮಾನ ಮಾಡಬೇಕು ಅಂತ ಊರು ಮಾತಾಡಿತು.

ಸನ್ಮಾನದ ಸಭೆ ಕ್ಲಬ್ಬಿನಲ್ಲಿ ನಡೆಯಿತು. ಅವನೇ ಬಂದ. ಮುಪ್ಪು ಕಂಡಿತ್ತು, ಆದರೂ ಧ್ವನಿ ಅದೇ. "ಊರಲ್ಲಿ ಇನ್ನೂ ಒಂದು ಒಲೆ ಇದೆಯಂತೆ" ಅಂದ. "ಒಲೆ ಮುಖ್ಯ ಅಲ್ಲ. ಆದ್ರೆ ಒಂದು ಮನೆಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಾಯ್ತಲ್ಲ. ನನಗೆ ಅದು ನೋವು. ಬಲವಂತ ಇಲ್ಲ, ನೀವೇ ತೀರ್ಮಾನ ಮಾಡಿ." ಹೇಳಿ ಕೂತ. ನಿಜ ಹೇಳಬೇಕೆಂದರೆ ಅವನ ಕಣ್ಣಲ್ಲೂ ನೀರಿತ್ತು.

ಜೋಯಾ ಎದ್ದಳು. "ಒಲೆ ತೆಗೆಯೋದಕ್ಕೆ ಪರ ಯಾರು?" ಅಂದಳು. ಕೈಗಳೆದ್ದವು, ನನ್ನದೂ ಎದ್ದಿತು, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. "ವಿರುದ್ಧ ಯಾರು?" ಅಂದಳು. ಈ ಸಲ ಒಂದೇ ಉಸಿರಿಗೆ ಅನ್ನಲಿಲ್ಲ. ಅಲ್ಲಿ ನಿಂತಳು. ನಾವೆಲ್ಲ ರೂಢಿಯಂತೆ ಹಿಂದಿನ ಸಾಲಿಗೆ ತಿರುಗಿದೆವು. ಎಲ್ಲರೂ ಕಾಯುತ್ತಿದ್ದೆವು. ಕೈರ್ಬೆಕ್ ಕೂಡ ಕತ್ತು ಉದ್ದ ಮಾಡಿ ನೋಡಿದ.

ಕುಲ್ಯಾಶಳ ಕೈ ತೊಡೆಯ ಮೇಲಿತ್ತು. "ಪರ ಅಂದಾಗ್ಲೇ ಎತ್ತಿದೆನಮ್ಮ, ನೀನು ನೋಡ್ಲಿಲ್ಲ" ಅಂದಳು.

ವಿರುದ್ಧ ಎತ್ತಬಾರದೇನೇ, ಮುಠ್ಠಾಳಿ, ಇಷ್ಟು ವರ್ಷ ಹಿಡಿದಿದ್ದನ್ನು ಈಗ ಯಾಕೆ ಬಿಡುತ್ತೀ ಅಂತ ಕೂಗಬೇಕು ಅನ್ನಿಸಿತು ನನಗೆ. ಪರ ಎತ್ತಿದ ನನ್ನ ಕೈ ಇನ್ನೂ ಬೆಚ್ಚಗಿತ್ತು, ಯಾವ ಬಾಯಿಂದ ಕೂಗಲಿ? "ಸರ್ವಾನುಮತ" ಅಂದಳು ಜೋಯಾ, ತೀರಾ ಸಣ್ಣಗೆ. ಚಪ್ಪಾಳೆ ಜೋರಾಗಿ ಬಂತು. ಅಕ್ಕಪಕ್ಕದವರು ಕುಲ್ಯಾಶಳ ಭುಜ ತಟ್ಟಿದರು, ಒಬ್ಬಳು ಅಪ್ಪಿಕೊಂಡಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು, ಮದುಮಗಳ ಹಾಗೆ ಕೆಂಪಾಗಿತ್ತು.

ದಾನ್ಯಾರ್ ಮತ್ತು ಇನ್ನೊಬ್ಬ ಒಲೆಯನ್ನು ಇಳಿಸಿದರು. ಅವಳು ಅವರಿಗೆ ಬಾವುರ್ಸಾಕ್ ಕರಿದಿಟ್ಟಿದ್ದಳು, ಅವರು ಅವಸರದಲ್ಲಿದ್ದರು, ಜೇಬಿಗೆ ಹಾಕಿಕೊಂಡು ಹೋದರು. ಒಲೆ ಗುಜರಿಗೆ ಹೋಗಲಿಲ್ಲ. ಕ್ಲಬ್ಬಿನ ಮೂಲೆಯಲ್ಲಿ ಕೆಟ್ಟ ಕಾಲದ ನೆನಪಿಗೆ ಅಂತ ಒಂದು ಕೋಣೆ ಮಾಡಿ, ಕೈರ್ಬೆಕನ ಮಸಿ ಮುಖದ ಚಿತ್ರದ ಕೆಳಗೆ ಇಟ್ಟರು. ಸುತ್ತ ಹಗ್ಗ ಕಟ್ಟಿ, ಮುಟ್ಟಬೇಡಿ ಅಂತ ಫಲಕ. ಕುಲ್ಯಾಶ್ ಒಮ್ಮೆ ಹೋಗಿ ನೋಡಿ ಬಂದಳಂತೆ. ಮಾಡಿದವನ ಹೆಸರು ಎಲ್ಲೂ ಇರಲಿಲ್ಲವಂತೆ.

ಜನ ಬಂದರು ಅಂತೀರಾ? ಹಬ್ಬಕ್ಕೆ ಒಬ್ಬಿಬ್ಬರು ತಲೆ ಹಾಕಿದರು. ಕುದುರೆ ಊಟಕ್ಕೂ ಕರೆದರು, ಹೋಗಿ ಬಾಗಿಲ ಹತ್ತಿರ ಕೂತು ಬಂದಳು. ಅಷ್ಟೇ. ದ್ವೇಷ ಯಾರಿಗೂ ಇರಲಿಲ್ಲ. ಮನೆ ಬೆಚ್ಚಗಿದ್ದರೆ ಯಾರು ಯಾರ ಮನೆಗೆ ಹೋಗುತ್ತಾರೆ? ಬಾಗಿಲು ಹಾಕಿಕೊಂಡು ಟೀವಿ ನೋಡುತ್ತಾರೆ.

ಮುಂದಿನ ಚಳಿಗಾಲದಲ್ಲಿ ಬಾಯ್ಲರಿನ ಅದೇ ತೇಪೆ ಬಿಟ್ಟಿತು. ಹೀಟರ್ ಹಾಕಿದೆವು, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮಧ್ಯಾಹ್ನ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ದಾನ್ಯಾರ್, ಹೆಂಡತಿ, ಕಂಬಳಿಯಲ್ಲಿ ಮೊಮ್ಮಕ್ಕಳು, ಜೋಯಾ, ಪಕ್ಕದ ಸಾಲಿನವರು. ನಾನೂ ಹಾಸಿಗೆ ಸುತ್ತಿಕೊಂಡು ಇಳಿದೆ. ಕಾಲಿಗೆ ದಾರಿ ಗೊತ್ತಿತ್ತು, ತಲೆಗೆ ಏನೂ ನೆನಪಾಗಲಿಲ್ಲ. ನಂಬಿ, ಒಬ್ಬರಿಗೂ ನೆನಪಾಗಲಿಲ್ಲ.

ಕುಲ್ಯಾಶ್ ಬಾಗಿಲು ತೆರೆದಳು. ಕೋಟು, ಟೋಪಿ, ಮೇಲೊಂದು ಶಾಲು. ಅವಳ ಹಿಂದೆ ಆ ಮೂಲೆ ಖಾಲಿ, ನೆಲದಲ್ಲಿ ಸುಟ್ಟ ಗುಂಡು ಗುರುತು, ಕಿಟಕಿಯ ತೂತಿಗೆ ಹೊಸ ಗಾಜು.

"ಬನ್ನಿ, ಒಳಗೆ ಬನ್ನಿ" ಅಂದಳು. "ಒಟ್ಟಿಗೆ ಕೂತ್ರೆ ಬೆಚ್ಚಗಾಗತ್ತೆ."

ಯಾರೂ ಹೊಸ್ತಿಲು ದಾಟಲಿಲ್ಲ. ಜೋಯಾ ಆ ಮೂಲೆಯನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು. "ಯಾಕಮ್ಮ ಕೊಟ್ಟೆ?" ಅಂದಳು. "ನಮಗಂತೂ ಬುದ್ಧಿ ಇರ್ಲಿಲ್ಲ. ನೀನೊಬ್ಬಳಾದ್ರೂ ಇಟ್ಕೋಬೇಕಿತ್ತು ತಾನೆ!"

"ನೀವು ಬರ್ತೀರಿ ಅಂದ್ಕೊಂಡೆ" ಅಂದಳು ಕುಲ್ಯಾಶ್.

ದಾನ್ಯಾರನ ಮೊಮ್ಮಗು ಅಳತೊಡಗಿತು. "ಕೈರ್ಬೆಕ್ ಅವರ ಆಫೀಸಿನ ಮುಂದೆ ಹೋಗಿ ನಿಂತ್ಕೊಳ್ಳೋಣ, ಕೇಳ್ಕೊಂಡ್ರೆ ಏನಾದ್ರೂ ಮಾಡ್ತಾರೆ" ಅಂದ ಅವನು. ಎಲ್ಲರೂ ಕೆಳಗಿಳಿದರು. ಬೀದಿಯಲ್ಲಿ ಹಿಮ ತುಳಿಯುವ ಸದ್ದು ಬಹಳ ಹೊತ್ತು ಕೇಳಿತು.

ನಾನೊಬ್ಬಳು ಒಳಗೆ ಹೋದೆ. ಎಷ್ಟೋ ವರ್ಷದ ಜಗಳ, ಬೈಗುಳ, ಎಲ್ಲ ಇಟ್ಟುಕೊಂಡು ಅವಳ ಎದುರು ಕೂತೆ. ಬೆಳಿಗ್ಗೆ ಕರೆಂಟು ಇದ್ದಾಗ ಥರ್ಮಾಸಿಗೆ ಚಹಾ ತುಂಬಿಟ್ಟಿದ್ದಳು. ಎರಡು ಬಟ್ಟಲು ತಂದಿಟ್ಟಳು, ತನ್ನದನ್ನು ಬೋರಲು ಹಾಕಿದಳು. ಇನ್ನೊಂದಕ್ಕೆ ಹೊಯ್ದಳು. ಎರಡು ಗುಟುಕಾಯಿತು, ಅರ್ಧವಾಯಿತು, ಅವಳು ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿಸಿ, ಎರಡೂ ಕೈಯಿಂದ ನನ್ನ ಮುಂದಿಟ್ಟಳು.

ನಾನು ಅವಳ ಮುಖ ನೋಡಿದೆ. ಅವಳು ಆ ಮೂಲೆ ನೋಡುತ್ತಿದ್ದಳು. ಚಹಾ ಬಿಸಿಯಾಗಿಯೇ ಇತ್ತು. ಪೂರ್ತಿ ಕುಡಿದೆ, ಎದ್ದೆ, ಬಾಗಿಲು ಎಳೆದುಕೊಂಡು ಮೇಲೆ ಹೋದೆ.